ಎಡಗೈಯಲ್ಲಿ ಕೊಟ್ಟ ಕಾಫಿ

ಇರ್ಬಿದ್ ಪಟ್ಟಣದ ವಿಶ್ವವಿದ್ಯಾಲಯ ಬೀದಿಯಲ್ಲಿ ಒಂದು ಕಲ್ಲೆಸೆದರೆ ಮೂರು ಕಂಪ್ಯೂಟರ್ ಅಂಗಡಿಗಳ ಗಾಜು ಒಡೆಯುತ್ತದೆ. ನಾಲ್ಕನೆಯ ಅಂಗಡಿಯವನು ತನ್ನದನ್ನು ಯಾಕೆ ಬಿಟ್ಟಿರಿ ಎಂದು ಜಗಳಕ್ಕೆ ಬರುತ್ತಾನೆ. ಆ ಬೀದಿಯ ಬೆಕ್ಕುಗಳಿಗೂ ಒಂದೊಂದು ಜಾಲತಾಣವಿದೆ. ನಂಬದವರು ಬಂದು ಬೆಕ್ಕುಗಳನ್ನೇ ಕೇಳಬಹುದು. ಇಂಥ ಬೀದಿಯಲ್ಲಿ, ಕುನಾಫಾ ಸಿಹಿ ಮಾರುವ ಅಂಗಡಿಯ ಮೇಲಿನ ಮಹಡಿಯಲ್ಲಿ, ಜಾಲತಾಣ ಕಟ್ಟುವ ವಿದ್ಯೆ ಕಲಿಸುತ್ತಿದ್ದವನು ಉಸ್ತಾದ್ ಮುತಸಿಮ್. ಅವನ ಮೂಗು ಎಷ್ಟು ಮೇಲಿತ್ತೆಂದರೆ, ಊರಿಗೆ ಮಳೆ ಬಂದರೆ ಮೊದಲ ಹನಿ ಅದರೊಳಗೇ ಬೀಳುತ್ತಿತ್ತು.

ಪುಸ್ತಕ ಓದಿ ಕಲಿಯುವವನು ಮೂರ್ಖ ಎಂಬುದು ಅವನ ಮತ. ಕಸಾಯಿ ಅಂಗಡಿಯಲ್ಲಿ ನಿಂತು ನೋಡದೆ ಯಾರಿಗೆ ಮಾಂಸ ಕಡಿಯಲು ಬಂದೀತು? ಆದ್ದರಿಂದ ಪ್ರತಿ ಗುರುವಾರ ಮಧ್ಯಾಹ್ನ ಶಿಷ್ಯರಲ್ಲೊಬ್ಬ ಊರಿನ ಒಂದು ಜಾಲತಾಣವನ್ನು ಹಿಡಿದು ತರಬೇಕು, ಗೋಡೆಯ ಮೇಲೆ ಅದರ ಬೆಳಕು ಬಿಡಬೇಕು. ಮುತಸಿಮ್ ಅದರ ಹೊಟ್ಟೆ ಸೀಳಿ, ಒಳಗಿನ ಸಾಲು ಸಾಲು ಕಂಪ್ಯೂಟರ್ ಕೋಡನ್ನು ಹೊರಗೆಳೆದು, ಯಾವ ಇಟ್ಟಿಗೆ ಯಾವುದರ ಮೇಲೆ ಕೂತಿದೆ, ಯಾವ ಗೋಡೆ ಯಾವ ಸುಳ್ಳಿನ ಆಸರೆಯಲ್ಲಿ ನಿಂತಿದೆ ಎಂದು ತೋರಿಸುತ್ತಿದ್ದ. ಜೊತೆಗೆ ಬೈಗುಳ ಪುಕ್ಕಟೆ. ಈ ಬೈಗುಳಕ್ಕಾಗಿಯೇ ನಾಲ್ಕು ಸಾವಿರ ಜನ ತಮ್ಮ ತಮ್ಮ ಫೋನುಗಳಲ್ಲಿ ಪಾಠವನ್ನು ನೇರವಾಗಿ ನೋಡುತ್ತಿದ್ದರು. ಮುತಸಿಮ್‌ನನ್ನು ಕೇಳಿದರೆ ನಲವತ್ತು ಸಾವಿರ.

ಒಂದೇ ಒಂದು ನೇಮವಿತ್ತು. ಇರ್ಬಿದ್‌ನಲ್ಲಿ ಯಾರನ್ನು ಬೈದರೂ ಅದು ಇನ್ಯಾರದೋ ಚಿಕ್ಕಪ್ಪನಿಗೆ ತಗಲುತ್ತದೆ, ಮನೆತನದ ಮಾನದ ಮಾತಾಗುತ್ತದೆ. ಹಾಗಾಗಿ ಪುಟದ ಹಣೆಯ ಮೇಲೆ, ಹೆಸರಿರುವ ಕಡೆ, ಒಂದು ಕಪ್ಪು ಪಟ್ಟಿ ಹಾಕಿ ಮುಚ್ಚಿಯೇ ತರಬೇಕು. ಯಾರದೆಂದು ಯಾರೂ ಹೇಳಕೂಡದು.

ಆ ಗುರುವಾರ ಮುತಸಿಮ್‌ನ ನಾಲಿಗೆ ಹೊಸದಾಗಿ ಸಾಣೆ ಹಿಡಿದ ಹಾಗಿತ್ತು. ಮರುದಿನ ಶುಕ್ರವಾರ ಅವನ ಪರವಾಗಿ ಜಾಹಾ ಹೊರಡುವುದಿತ್ತು: ನಲವತ್ತು ಜನ ಹಿರಿಯರು ಆಲಿವ್ ಗಾಣದ ಅಬು ಸಖರ್‌ನ ಮನೆಗೆ ಹೋಗಿ ಅವನ ಮಗಳು ಜುಮಾನಾಳನ್ನು ಮದುವೆಗೆ ಕೇಳುವುದು. ಎರಡು ವರ್ಷದ ಹಿಂದೆ ತಾಯಿಯ ಆಲಿವ್ ಕಾಯಿ ಹೊತ್ತು ಗಾಣಕ್ಕೆ ಹೋದಾಗ, ಸರದಿ ಮುರಿದು ಮುಂದೆ ನಿಂತಿದ್ದ ಅವನನ್ನು ಜುಮಾನಾ ಕಣ್ಣಿನಲ್ಲೇ ಹಿಂದಕ್ಕಟ್ಟಿದ್ದಳು. ಹುಟ್ಟಿದಾಗಿನಿಂದ ಯಾರೂ ಅವನನ್ನು ಹಿಂದಕ್ಕೆ ಕಳಿಸಿರಲಿಲ್ಲ. ಅಂದಿನಿಂದ ಅವನಿಗೆ ಊಟ ರುಚಿಸಲಿಲ್ಲ, ನಿದ್ದೆ ಹತ್ತಲಿಲ್ಲ. ಅವಳ ಹೊರತು ಬೇರೆ ಹೆಣ್ಣು ಬೇಡ ಎಂದು ಹಟ ಹಿಡಿದ. ಅಬು ಸಖರ್ ಎರಡು ಸಲ ಮುಂದೂಡಿ, ಕೊನೆಗೆ ಬನ್ನಿ ಎಂದಿದ್ದ.

ಆ ದಿನದ ಬಲಿ ತಂದವನು ವಿಸಾಮ್ ಎಂಬ ಶಿಷ್ಯ, ಮೂವತ್ತು ವರ್ಷದ ಸಾಧು ಪ್ರಾಣಿ. ಯಾವುದೋ ಒಂದು ಗಾಣದ ತಾಣ. ಅವನು ಕುತ್ತಿಗೆ ಕೆರೆದುಕೊಳ್ಳುತ್ತ ನಿಂತ.

"ಉಸ್ತಾದ್, ಶುರು ಮಾಡೋ ಮುಂಚೆ ಇದು ಯಾರದು ಅಂತ ನಿಮ್ಮ ಕಿವೀಲಿ ಒಂದು ಮಾತು…"

"ನೇಮ ಅಂದ್ರೆ ನೇಮ ಕಣಯ್ಯ. ಬಾಯಿ ಮುಚ್ಚು, ಪುಟ ಬಿಚ್ಚು."

ವಿಸಾಮ್ ಬಿಚ್ಚಿದ. ಮುತಸಿಮ್ ಮೊದಲ ಏಟಿಗೇ ಒಂದು ಚಿತ್ರದ ತೂಕ ನೋಡಿ, ಹೆಬ್ಬೆರಳಿನಷ್ಟು ಕಾಣುವ ಈ ಆಲಿವ್ ಕಾಯಿ ಇಳಿಯುವಷ್ಟರಲ್ಲಿ ಫೋನಿನವನಿಗೆ ಮೊಮ್ಮಕ್ಕಳಾಗುತ್ತವೆ ಎಂದ. ಕೋಡಿನ ಸಾಲುಗಳಲ್ಲಿ ಡಬ್ಬಿಯೊಳಗೆ ಡಬ್ಬಿ, ಅದರೊಳಗೆ ಡಬ್ಬಿ ಎಂದು ಹದಿನೇಳು ಎಣಿಸಿ, ಹದಿನೇಳನೆಯದು ಖಾಲಿ ಎಂದು ತೋರಿಸಿ, ಇದನ್ನು ಕಟ್ಟಿದವನ ತಲೆಯ ನಕ್ಷೆ ಇದೇ ಎಂದ. ಫೋನ್ ನಂಬರನ್ನು ಚಿತ್ರ ಮಾಡಿ ಅಂಟಿಸಿದ್ದರಿಂದ ಒತ್ತಿದರೆ ಕರೆ ಹೋಗುತ್ತಿರಲಿಲ್ಲ. ಗಿರಾಕಿ ಅದಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿಕೊಳ್ಳಲಿ ಎಂದ. ಶಿಷ್ಯರು ನಕ್ಕು ನಕ್ಕು ಬೆಂಚಿನಿಂದ ಜಾರಿದರು. ಕೆಳಗೆ ಅಂಗಡಿಯಲ್ಲಿ ಕುನಾಫಾದ ಮೇಲಿನ ಪಿಸ್ತಾ ಪುಡಿ ಹಾರಿತು ಎನ್ನುತ್ತಾರೆ.

ಆಗ ಕಾಣಿಸಿತು ಆ ದೊಡ್ಡ ಫೋಟೋ. ಕಪ್ಪು ಪಟ್ಟಿ ಮುಖವನ್ನೂ ನುಂಗಿತ್ತು. ಕಾಣುತ್ತಿದ್ದದ್ದು ಜುಬ್ಬದ ತೋಳು ಮತ್ತು ನೋಡುವವರತ್ತ ಕಾಫಿಯ ಬಟ್ಟಲು ಚಾಚಿದ ಕೈ. ಎಡಗೈ.

ಜಾರಿ ಬಿದ್ದಿದ್ದ ಶಿಷ್ಯರು ಎದ್ದು ಕೂತು ಕಣ್ಣುಜ್ಜಿಕೊಂಡು ನೋಡಿದರು. ನಮ್ಮ ಊರಿನಲ್ಲಿ ಎಡಗೈಯಲ್ಲಿ ಕಾಫಿ ಕೊಡುವುದಕ್ಕಿಂತ ಮುಖಕ್ಕೆ ಎರಚುವುದು ಮರ್ಯಾದೆ.

ಮುತಸಿಮ್ ಒಳಗಿನ ಸಾಲುಗಳಲ್ಲಿ ಬೆರಳಾಡಿಸಿ ಕಾರಣ ಹಿಡಿದ. ತಾಣವನ್ನು ಎಡದಿಂದ ಬಲಕ್ಕೆ ಓದುವವರ ಅಚ್ಚಿನಲ್ಲಿ ಎರಕ ಹೊಯ್ದಿದ್ದರು. ನಮ್ಮ ಅರಬ್ಬಿ ಓದು ಬಲದಿಂದ ಎಡಕ್ಕೆ. ಬಾಣದ ಗುರುತುಗಳೆಲ್ಲ ತಪ್ಪು ದಿಕ್ಕಿಗೆ ನೋಡುತ್ತಿದ್ದವು. ಒಂದೊಂದನ್ನೇ ತಿರುಗಿಸುವ ಬದಲು, ಪುಟದ ಈ ಭಾಗದ ಚಿತ್ರಗಳೆಲ್ಲ ಕನ್ನಡಿಯಲ್ಲಿ ಕಂಡಂತೆ ತಿರುಗಲಿ ಎಂದು ಒಂದೇ ಸಾಲು ಬರೆದು ಕೈ ತೊಳೆದುಕೊಂಡಿದ್ದರು. ಬಾಣಗಳು ಸರಿಹೋದವು, ಆತಿಥೇಯನ ಕೈ ಕೆಟ್ಟಿತು.

"ಈ ಸಾಲು ಬರೆದವರು ಕತ್ತೆ," ಎಂದ ಮುತಸಿಮ್. "ಕತ್ತೆಗಾದ್ರೂ ಮನೆ ದಾರಿ ಗೊತ್ತಿರುತ್ತೆ. ಇದು ದಾರೀನೂ ಗೊತ್ತಿಲ್ಲದ ಕತ್ತೆ. ಇಂಥವರ ಕೈಗೆ ಕಂಪ್ಯೂಟರ್ ಅಲ್ಲ, ಪೊರಕೆ ಕೊಡ್ಬೇಕು."

ಇಂಥ ಮಾತು ಇಪ್ಪತ್ತು ನಿಮಿಷ ನಡೆಯಿತು. ವಿಸಾಮ್ ಮಾತ್ರ ನಗಲಿಲ್ಲ.

ಶುಕ್ರವಾರ ಇಳಿಹೊತ್ತಿನ ಅಸರ್ ನಮಾಜು ಮುಗಿದ ಮೇಲೆ ಹದಿನೈದು ಕಾರುಗಳ ಜಾಹಾ ಅಬು ಸಖರ್‌ನ ಅಂಗಳದಲ್ಲಿ ಇಳಿಯಿತು. ಮುಂದಾಳು ಶೇಖ್ ನವ್ವಾಫ್, ಎಂಬತ್ತರ ಮುದುಕ. ಅರವತ್ತು ಜಾಹಾ ನಡೆಸಿದವನು, ಒಂದರಲ್ಲೂ ಬರಿಗೈಲಿ ಎದ್ದವನಲ್ಲ. ಅವನು ಕೆಮ್ಮಿದರೂ ಮೂರು ಮದುವೆ ಗೊತ್ತಾಗುತ್ತವೆ ಎಂದು ಪ್ರತೀತಿ. ಎಲ್ಲರ ಕೈಗೂ ಕಾಫಿ ಬಂತು. ಪದ್ಧತಿಯಂತೆ ಶೇಖ್ ಬಟ್ಟಲನ್ನು ತುಟಿಗೆ ಮುಟ್ಟಿಸದೆ ಮುಂದಿಟ್ಟ, ಉಳಿದವರೂ ಇಟ್ಟರು. ನಾವೊಂದು ಬೇಡಿಕೆ ತಂದಿದ್ದೇವೆ, ಅದು ನೆರವೇರುವವರೆಗೆ ನಿಮ್ಮ ಮನೆಯ ಕಾಫಿ ನಮಗೆ ನಿಷಿದ್ಧ ಎಂದು ಶುರುಮಾಡಿ, ಮುತಸಿಮ್‌ನ ಏಳು ತಲೆಮಾರಿನ ಗುಣಗಾನ ಮಾಡಿ, ಜುಮಾನಾಳ ಹೆಸರು ಹೇಳಿದ. ಈಗ ಅಬು ಸಖರ್ "ಕೊಟ್ಟೆವು, ಕುಡಿಯಿರಿ" ಅನ್ನಬೇಕು.

ಅಬು ಸಖರ್ ಅನ್ನಲಿಲ್ಲ. ತನ್ನ ಬಲಗೈಯನ್ನು ಒಮ್ಮೆ ತಿರುಗಿಸಿ ನೋಡಿಕೊಂಡು, ಮಗಳದೊಂದು ಮಾತಿದೆ ಎಂದ.

ಜಾಹಾದ ಮುಂದೆ ಹೆಣ್ಣು ಬರುವ ವಾಡಿಕೆ ನಮ್ಮಲ್ಲಿಲ್ಲ. ಜುಮಾನಾ ಬಂದಳು. ಲ್ಯಾಪ್‌ಟಾಪನ್ನು ತಟ್ಟೆಯಂತೆ ಹಿಡಿದು ತಂದು ಮುತಸಿಮ್‌ನ ಮೊಣಕಾಲ ಮೇಲಿಟ್ಟಳು.

"ನಿನ್ನೆ ನೀವು ಬಿಚ್ಚಿದ್ದು ನಮ್ಮ ಗಾಣದ್ದು," ಎಂದಳು. "ಕಟ್ಟಿದ್ದು ನಾನು. ನಿಮ್ಮ ಒಂದು ಗುರುವಾರಾನೂ ತಪ್ಪಿಸಿದವಳಲ್ಲ."

ಮುತಸಿಮ್‌ನ ಕಿವಿಗಳು ಎಷ್ಟು ಕೆಂಪಾದವೆಂದರೆ ಪಕ್ಕದವನು ಅಲ್ಲೇ ಸಿಗರೇಟು ಹಚ್ಚಿಕೊಳ್ಳಬಹುದಿತ್ತು. ಯಾರದೆಂದು ಗೊತ್ತಿರಲಿಲ್ಲ, ಕ್ಷಮಿಸಬೇಕು ಎಂದು ಗೊಣಗಿದ.

"ಕ್ಷಮೆ ಯಾಕೆ? ತಪ್ಪಿತ್ತು, ಹೇಳಿದ್ರಿ. ಸಂಜೆ ಕೂತು ತಿದ್ದಿದೆ, ಒಂಬತ್ತು ನಿಮಿಷ ಹಿಡೀತು. ಅಪ್ಪನ ಕೈ ಬಲಕ್ಕೆ ಬಂತು. ಈಗ ಇದನ್ನ ಬಿಚ್ಚಿ."

ಪರದೆಯ ಮೇಲಿದ್ದದ್ದು ಮುತಸಿಮ್‌ನ ಸ್ವಂತ ತಾಣ, ಹೆಸರು ಮುಚ್ಚದೆ. ಆರು ವರ್ಷದ ಹಿಂದೆ ಕಟ್ಟಿ, ಪರಿಪೂರ್ಣವೆಂದು ತಾನೇ ಸಾರಿ, ಮತ್ತೆ ಮುಟ್ಟದೆ ಬಿಟ್ಟದ್ದು. ಅದರಲ್ಲಿ ಅವನು ಪದವಿ ಪಡೆಯುವ ಫೋಟೋ ಇತ್ತು. ಕುಲಪತಿಯ ಕೈ ಕುಲುಕುತ್ತಿದ್ದ. ಇಬ್ಬರೂ ಎಡಗೈಯಲ್ಲಿ. ಆರು ವರ್ಷ ಊರೆಲ್ಲ ನೋಡಿತ್ತು. ಉಸ್ತಾದನದಲ್ಲವೇ, ಸರಿಯೇ ಇರಬೇಕು ಎಂದುಕೊಂಡಿತ್ತು.

ಅವನ ಬೆರಳು ತಾನಾಗಿ ಒಳಗಿನ ಸಾಲುಗಳಿಗೆ ಹೋಯಿತು. ಅಲ್ಲಿ ಅದೇ ಸಾಲು, ಅಕ್ಷರಕ್ಕೆ ಅಕ್ಷರ. ಅದರ ಪಕ್ಕದಲ್ಲಿ, ನೋಡುವವರಿಗೆ ಕಾಣದೆ ಬಿಚ್ಚಿದವರಿಗೆ ಮಾತ್ರ ಕಾಣುವಂತೆ, ಅವನದೇ ಟಿಪ್ಪಣಿ: ಈ ಜಾಣ ಉಪಾಯ ಮುತಸಿಮ್‌ನದು.

"ಬಿಚ್ಚಿ ನೋಡಿ ಕಲೀರಿ ಅಂತೀರಲ್ಲ. ನಾನು ಮೊದಲು ಬಿಚ್ಚಿದ್ದು ನಿಮ್ಮದನ್ನೇ," ಎಂದಳು ಜುಮಾನಾ.

ಶೇಖ್ ನವ್ವಾಫ್‌ಗೆ ಕೋಡೂ ಗೊತ್ತಿಲ್ಲ, ಪರದೆಯೂ ಸರಿಯಾಗಿ ಕಾಣದು. ಆದರೆ ಅರವತ್ತು ವರ್ಷ ಜಗಳ ಬಿಡಿಸಿದವನು, ಹಿಂದಿನ ದಿನದ ಪಾಠವನ್ನು ಮೊಮ್ಮಗನ ಫೋನಿನಲ್ಲಿ ಕೇಳಿಸಿಕೊಂಡಿದ್ದವನು.

"ಅಲ್ಲಮ್ಮ, ಎರಡು ಕಡೇನೂ ಇರೋದು ಒಂದೇ ಸಾಲಾ?"

"ಒಂದೇ, ಅಜ್ಜ."

"ಹಾಗಾದ್ರೆ ನಿನ್ನೆ ದಾರಿ ಗೊತ್ತಿಲ್ಲದ ಕತ್ತೆ ಅಂದಿದ್ದು…"

ಮಾತು ಮುಗಿಸುವ ಅಗತ್ಯ ಬೀಳಲಿಲ್ಲ. ನಲವತ್ತು ಹಿರಿಯರು ಒಟ್ಟಿಗೆ ನೆಲದ ಕಂಬಳಿಯ ಹೂಗಳನ್ನು ಎಣಿಸತೊಡಗಿದರು.

ಜುಮಾನಾ ಕೇಳಿದ್ದು ದೊಡ್ಡದೇನಲ್ಲ. ತನ್ನ ತಾಣದ ಬಗ್ಗೆ ನಾಲ್ಕು ಸಾವಿರ ಜನರ ಮುಂದೆ ಆಡಿದ ಮಾತನ್ನು ಅವನು ತನ್ನದರ ಬಗ್ಗೆ ಈ ನಲವತ್ತು ಜನರ ಮುಂದೆ ಒಮ್ಮೆ ಆಡಲಿ. ಆಡಿದರೆ ಒಪ್ಪಿಗೆ, ಕಾಫಿ ಕುಡಿಯಬಹುದು.

ಒಂದು ವಾಕ್ಯ ಸಾಕಿತ್ತು. ಮುತಸಿಮ್ ಬಾಯಿ ತೆರೆದ, ಹೊರಬಿದ್ದದ್ದು ಬೇರೆ. ಆ ಕಾಲದ ಬ್ರೌಸರುಗಳೇ ಹಾಗಿದ್ದವು ಎಂದ. ಆಗ ಪುರುಸೊತ್ತಿರಲಿಲ್ಲ ಎಂದ. ಕಲಿಯುವವರು ನಕಲು ಮಾಡುವ ಮುಂಚೆ ಯೋಚಿಸಬೇಕು ಎಂದ. ತನ್ನ ಸಾಲಿನ ಹಿಂದೆ ಒಂದು ಚಿಂತನೆಯಿತ್ತು, ಅವಳ ಸಾಲಿನ ಹಿಂದೆ ಅದಿಲ್ಲ ಎಂದ. ಶೇಖ್ ಎರಡು ಸಲ ತೊಡೆ ಚಿವುಟಿದರೂ ನಿಲ್ಲಲಿಲ್ಲ. ಮುಕ್ಕಾಲು ಗಂಟೆ ಹರಿಯಿತು ಆ ವಾಗ್ಝರಿ. ಅದರಲ್ಲಿ ಯರ್ಮೂಕ್ ನದಿಯೇ ಮುಳುಗಿಹೋಗಬಹುದಿತ್ತು. ಜಗತ್ತಿನ ಜಾಲತಾಣಗಳಿಗೆಲ್ಲ ಬೈಗುಳ ಹೊಂದಿಸಿದ ನಾಲಿಗೆಗೆ ಒಂದೇ ಒಂದು ತಾಣದ ಮುಂದೆ ಬರಗಾಲ ಬಂದಿತ್ತು.

ಜುಮಾನಾ ಲ್ಯಾಪ್‌ಟಾಪ್ ಮುಚ್ಚಿದಳು. "ತಿದ್ದೋಕೆ ಒಂಬತ್ತು ನಿಮಿಷ ಸಾಕಿತ್ತು, ಉಸ್ತಾದ್. ನನ್ನ ಕಡೆಯಿಂದ ಆಗಲ್ಲ."

ಅಬು ಸಖರ್ ತಲೆ ತಗ್ಗಿಸಿ, ಮಗಳ ಮಾತೇ ತನ್ನ ಮಾತು ಎಂದ. ಕುಡಿಯದ ಕಾಫಿ ಬಿಟ್ಟು ಜಾಹಾ ಎದ್ದರೆ ಎರಡೂ ಮನೆತನಕ್ಕೆ ಮೂರು ತಲೆಮಾರಿನ ಅವಮಾನ. ಶೇಖ್ ನವ್ವಾಫ್ ಬಟ್ಟಲನ್ನು ನೋಡಿದ, ಅಬು ಸಖರ್‌ನ ಬೆವೆತ ಹಣೆ ನೋಡಿದ, ತನ್ನ ಪಕ್ಕದ ಮದುಮಗನನ್ನು ನೋಡಿ ಕೊಳೆತ ಟೊಮ್ಯಾಟೊ ಕಂಡವನಂತೆ ಮುಖ ತಿರುಗಿಸಿದ.

"ಮಗಳೇ," ಎಂದ. "ನನ್ನದು ಬೇರೆ ಒಂದು ಬೇಡಿಕೆ ಇದೆ. ನನ್ನ ಮೊಮ್ಮಗನ ಜೇನುತುಪ್ಪದ ಅಂಗಡಿಗೆ ಜಾಲತಾಣ ಬೇಕಂತೆ. ನೀನು ಕಟ್ಟಿಕೊಡ್ತೀಯಾ? ಇಲ್ಲ ಅಂದ್ರೆ ಈ ಕಾಫಿ ನಾನು ಮುಟ್ಟಲ್ಲ."

"ಕಟ್ಟಿಕೊಡ್ತೀನಿ ಅಜ್ಜ. ಕುಡೀರಿ."

ಬೇಡಿಕೆ ನೆರವೇರಿತ್ತು. ಶೇಖ್ ಬಲಗೈಯಲ್ಲಿ ಬಟ್ಟಲೆತ್ತಿ ಒಂದೇ ಗುಟುಕಿಗೆ ಕುಡಿದ. ಹಿಂದೆಯೇ ಉಳಿದ ಹಿರಿಯರು, ಅದು ತಣ್ಣಗಾಗಿ ಗಸಿ ಕೂತಿದ್ದರೂ, ಜೀವ ಬಂದವರಂತೆ ಕುಡಿದು ಅಬು ಸಖರ್‌ನ ಏಲಕ್ಕಿಯನ್ನು ಹೊಗಳಿದರು. ಮುತಸಿಮ್‌ನ ಕೈಯೂ ತನ್ನ ಬಟ್ಟಲಿನತ್ತ ಹೋಯಿತು. ಶೇಖ್ ಅದನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ. ನಿನ್ನ ಬೇಡಿಕೆ ಇನ್ನೂ ನೆರವೇರಿಲ್ಲವಲ್ಲಪ್ಪ ಎಂದ.