ಸಿಪಾಯಿಯ ಹೆಗಲ ಮೇಲಿನ ಹಿಮ

ನೀಲಾಬಾಯಿ ಪೌಡರ್ ಡಬ್ಬಿಯ ಮುಚ್ಚಳ ತೆಗೆದು ತೀರಿಕೊಂಡ ಅಕ್ಕನ ಕೆನ್ನೆಗೆ ಕೈ ತಂದಾಗ ನಗ್ಮಾ ಆ ಕೈಯನ್ನು ಗಟ್ಟಿಯಾಗಿ ಹಿಡಿದಳು.

"ಬ್ಯಾಡ್ರಿ ಅಕ್ಕಾ."

"ಯಾಕ? ಕಡೀ ಫೋಟೋ ಅದ. ಮಂದಿ ಮುಂದ ಛಂದ ಕಾಣಬೇಕಲ್ಲ? ಹೆಣ್ಣು ನೋಡಾಕ ಬಂದಾಗೆಲ್ಲ ನಾನೇ ಹಚ್ಚೀನಿ."

"ನೀವು ಹಚ್ಚಿದ್ದು ಟೀಚರ್ ಒರಸ್ಕೊಂಡೇ ಹೊರಗ ಬರ್ತಿದ್ರಂತ. ಅವರೇ ಹೇಳಿ ನಗ್ತಿದ್ರು."

ಗುರುಲಿಂಗಮ್ಮ ಟೀಚರನ್ನು ವಾಡಿ ಊರಿನ ಮನೆಯ ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕುಳ್ಳಿರಿಸಿದ್ದರು. ಓಣಿಯ ಅರ್ಧ ಮಂದಿಗೆ ಅಕ್ಷರ ಕಲಿಸಿದ ಹೆಂಗಸು, ಮದುವೆಯ ಗೊಡವೆಗೇ ಹೋಗಲಿಲ್ಲ. ಬಣ್ಣ ಕಪ್ಪು, ನಾಲಿಗೆ ಹರಿತ, ಮನಸ್ಸು ಬೆಣ್ಣೆ. ಪಕ್ಕದ ಓಣಿಯಲ್ಲಿ ಬಟ್ಟೆ ಹೊಲಿಯುವ ನಗ್ಮಾ ಅವರ ಹಳೆಯ ವಿದ್ಯಾರ್ಥಿನಿ. ಟೀಚರ್ ಮಕ್ಕಳಿಗಾಗಿ ಬರೆದ ಪುಸ್ತಕಕ್ಕೆ ಚಿತ್ರ ಬರೆಯುತ್ತಿದ್ದವಳೂ ಅವಳೇ. ಕೊನೆಯ ಚಿತ್ರವೊಂದು ಬಾಕಿ ಇತ್ತು. ಅದನ್ನು ಒಪ್ಪದೆಯೇ ಟೀಚರ್ ಹೋಗಿಬಿಟ್ಟರು, ಇನ್ನು ಪುಸ್ತಕ ಬಂದ ಹಾಗೇ ಎಂಬ ಸಂಕಟ ನಗ್ಮಾಳಿಗೆ ಬೆಳಗಿನಿಂದಲೂ ಇತ್ತು.

ನೀಲಾಬಾಯಿ ಡಬ್ಬಿ ಮುಚ್ಚಿದಳು. ಮುಖ ಮಾತ್ರ ಗಂಟಿಕ್ಕಿಕೊಂಡೇ ಇತ್ತು.

*

ಪುಸ್ತಕ ಹುಟ್ಟಿದ್ದು ಶಾಲೆಯ ನಾಟಕದ ಜಗಳದಿಂದ. ಕಪ್ಪಗಿನ ಹುಡುಗಿಯೊಬ್ಬಳು ಸೇನಾಪತಿ ಆಗುತ್ತೇನೆಂದಾಗ, ಸೇನಾಪತಿ ಬೆಳ್ಳಗಿರಬೇಕೆಂದು ಉಳಿದ ಮಕ್ಕಳು ತೀರ್ಪು ಕೊಟ್ಟರು. ಟೀಚರ್ ಸುಮ್ಮನಿರುವ ಪೈಕಿಯಲ್ಲ. ಅಮೆರಿಕ ಇಂಗ್ಲಿಷರ ವಿರುದ್ಧ ಸ್ವಾತಂತ್ರ್ಯಕ್ಕಾಗಿ ಕಾದಾಡಿದಾಗ ಆ ಸೈನ್ಯದಲ್ಲಿ ಕಪ್ಪು ಸಿಪಾಯಿಗಳೂ ಇದ್ದರು. ಎಷ್ಟೋ ಮಂದಿ ಸ್ವತಃ ಗುಲಾಮರು. ದೇಶಕ್ಕೆ ಬಿಡುಗಡೆಯಾದರೂ ಎಲ್ಲರ ಬೇಡಿ ಕಳಚಲಿಲ್ಲ. ಅವರ ಕತೆಯನ್ನು ಹುಡುಕಿ ಓದಿ, ಮಕ್ಕಳಿಗೆ ತಿಳಿಯುವ ಕನ್ನಡದಲ್ಲಿ ಬರೆದರು.

ಕೊನೆಯ ಚಿತ್ರದಲ್ಲಿ ಒಬ್ಬ ಸಿಪಾಯಿ ಹಿಮದಲ್ಲಿ ಕಾವಲು ನಿಂತಿರಬೇಕು. ನಗ್ಮಾ ಹಿಮ ಕಂಡವಳಲ್ಲ. ಕ್ಯಾಲೆಂಡರಿನ ವೀರರನ್ನು ನೋಡಿ ಬೆಳೆದ ಕೈ ಅವಳದು. ಎಷ್ಟು ಸಲ ಬರೆದರೂ ಸಿಪಾಯಿ ಬೆಳ್ಳಗಾಗುತ್ತಿದ್ದ, ಅವನ ಮೇಲೆ ಬಿದ್ದ ಹಿಮ ಕಾಣುತ್ತಲೇ ಇರಲಿಲ್ಲ.

"ಯಾಕವ್ವಾ, ಕರಿ ಬಣ್ಣ ತುಟ್ಟಿ ಆಗ್ಯಾದೇನು?" ಎಂದು ಟೀಚರ್ ನಕ್ಕಿದ್ದರು.

"ಕರಿ ಹಚ್ಚಿದ್ರ ಮುಖ ಛಂದ ಬರಂಗಿಲ್ಲ ಟೀಚರ್," ಎಂದವಳು ಅವರ ಮುಖ ನೋಡಿ ನಾಲಿಗೆ ಕಚ್ಚಿಕೊಂಡಿದ್ದಳು.

ಟೀಚರ್ ಸಿಟ್ಟಾಗಲಿಲ್ಲ. "ಛಂದ ಬ್ಯಾಡ. ನೋಡಿದವರಿಗೆ ಚಳಿ ಹತ್ತಬೇಕು. ಹಂಗ ಬರಿ, ಆಮ್ಯಾಲ ಪ್ರೆಸ್ಸಿಗೆ ಕೊಡಮು."

*

ಸುಡುವ ಬಿಸಿಲಲ್ಲಿ ಟೀಚರನ್ನು ಮಣ್ಣು ಮಾಡುವ ಕುಣಿಯೊಳಗೆ ಕುಳ್ಳಿರಿಸಿದರು. ಮಡಿವಾಳಯ್ಯ ಸ್ವಾಮಿಗಳು ಮಂತ್ರ ಹೇಳಿ ಮುಗಿಸಿದ ಮೇಲೆ ಒಬ್ಬೊಬ್ಬರಾಗಿ ಬಂದು ವಿಭೂತಿ, ಬಿಲ್ವಪತ್ರಿ ಹಾಕಿದರು. ನಗ್ಮಾ ದೂರ ನಿಂತಿದ್ದಳು.

"ಬಾ ತಂಗಿ, ನೀನೂ ಹಾಕು," ಎಂದರು ಸ್ವಾಮಿಗಳು.

"ನಾ ಹಾಕಬಹುದೇನ್ರಿ ಅಪ್ಪಾರ?"

"ಅಕ್ಷರ ಕಲಿಸುಮುಂದ ಟೀಚರ್ ನಿನ್ನ ಜಾತಿ ಕೇಳಿದ್ರೇನು?"

ನಗ್ಮಾ ಬಗ್ಗಿ ಚಿಟಿಕೆ ವಿಭೂತಿ ಬಿಟ್ಟಳು. ಪುಡಿ ಗಾಳಿಗೆ ಹರಡಿ ಟೀಚರ ಹಣೆಯ ಮೇಲೆ, ರೆಪ್ಪೆಯ ಮೇಲೆ, ಹೆಗಲ ಮೇಲೆ ಇಳಿಯಿತು. ಆ ಕಪ್ಪು ಮೈಯಲ್ಲಿ ಬಿಳಿಯ ಒಂದೊಂದು ಕಣವೂ ಎದ್ದು ಕಂಡಿತು. ತಾನು ಬರೆದ ಹಿಮ ಸಿಪಾಯಿಯ ಮೇಲೆ ಯಾಕೆ ಕಾಣುತ್ತಿರಲಿಲ್ಲವೆಂದು ಅವಳಿಗೆ ಆಗ ತಿಳಿಯಿತು. ಅಳುತ್ತ ನಿಂತವಳಿಗೆ ಒಳಗೊಳಗೇ ಸಂತೋಷವಾಯಿತು, ಹಾಗೆ ಆದದ್ದಕ್ಕೆ ನಾಚಿಕೆಯೂ ಆಯಿತು.

ಮನೆಗೆ ಹೋದವಳೇ ಮೂಲೆಯಲ್ಲಿ ಬಿದ್ದಿದ್ದ ಕಪ್ಪು ಬಣ್ಣದ ಟ್ಯೂಬ್ ಹುಡುಕಿದಳು. ಅದರ ಬಾಯಿ ಒಣಗಿ ಮುಚ್ಚಿಹೋಗಿತ್ತು. ಹೊಲಿಗೆಯ ಸೂಜಿಯಿಂದ ಚುಚ್ಚಿ ಬಿಡಿಸಿದಳು.

ಹೊತ್ತು ಇಳಿಯುವಾಗ ಚಿತ್ರ ಹಿಡಿದು ಟೀಚರ ಮನೆಗೆ ಬಂದಳು. ನೀಲಾಬಾಯಿ ಕಟ್ಟೆಯ ಮೇಲೆ ಒಬ್ಬಳೇ ಕುಳಿತಿದ್ದಳು.

"ನೋಡ್ರಿ ಅಕ್ಕಾ. ಇದನ್ನ ಪ್ರೆಸ್ಸಿಗೆ ಕೊಡಬಹುದೇನು?"

ನೀಲಾಬಾಯಿ ಚಿತ್ರವನ್ನು ತೊಡೆಯ ಮೇಲಿಟ್ಟುಕೊಂಡಳು. ಕಪ್ಪು ಸಿಪಾಯಿ, ಅಕ್ಕನದೇ ಕಣ್ಣು, ರೆಪ್ಪೆಯ ಮೇಲೆ, ಹೆಗಲ ಮೇಲೆ ಹಿಮ. ಕುಳಿತ ಕಲ್ಲು ಹಗಲಿನ ಬಿಸಿಲಿಗೆ ಇನ್ನೂ ಸುಡುತ್ತಿತ್ತು. ನೋಡುತ್ತ ನೋಡುತ್ತ ಅವಳು ಸೆರಗನ್ನು ಎರಡೂ ಹೆಗಲಿಗೆ ಎಳೆದುಕೊಂಡು ಬಿಗಿಯಾಗಿ ಹೊದ್ದಳು.