ಉತ್ತರಕ್ರಿಯೆಗೆ ರಿಯಾಯಿತಿ

ಸುಳ್ಯದ ಜಾಸಿರ್ ಶಾಮಿಯಾನ, ಕುರ್ಚಿ, ಪಾತ್ರೆ ಬಾಡಿಗೆಗೆ ಕೊಡುವವನು. ಅವನ ವಾಟ್ಸಾಪ್‌ಗೆ ಬರುವ ಗಿರಾಕಿಗಳ ಜೊತೆ ಈಗ ಮಾತಾಡುವುದು ಒಂದು ಎಐ ಏಜೆಂಟ್. ಅದನ್ನು ಕೂರಿಸಿದವಳು ಭಾವನಾ. ಏಜೆಂಟಿಗೆ ಅವಳು ಕೆಲವು ಟೂಲ್ ಕೊಟ್ಟಿದ್ದಳು: ಬುಕ್ ಮಾಡಲು ಒಂದು, ಮೊದಲೇ ಬರೆದಿಟ್ಟ ಧನ್ಯವಾದ ಕಳಿಸಲು ಒಂದು, ಗಿರಾಕಿಯ ಕರೆಯನ್ನು ಜಾಸಿರನ ಫೋನಿಗೆ ದಾಟಿಸಲು ಇನ್ನೊಂದು. ಯಾವುದನ್ನು ಯಾವಾಗ ಬಳಸಬೇಕೆಂದು ಏಜೆಂಟಿಗೆ ತಿಳಿಯುವುದು ಆಯಾ ಟೂಲಿಗೆ ಬರೆದ ವಿವರಣೆಯಿಂದ. ಧನ್ಯವಾದದ ಟೂಲಿಗೆ ಭಾವನಾ ಬರೆದದ್ದು ಒಂದೇ ಸಾಲು: 'ಬುಕಿಂಗ್ ಆದ ಕೂಡಲೇ ತಪ್ಪದೆ ಕಳಿಸು.'

ಒಬ್ಬ ಗಿರಾಕಿ ಸಿಟ್ಟಾದರೂ ಏಜೆಂಟೂ ಬೇಡ, ನೀನೂ ಬೇಡ ಎಂದು ಜಾಸಿರ್ ಮೊದಲೇ ಹೇಳಿದ್ದ. ಭಾವನಾಳ ಕೈಯಲ್ಲಿದ್ದದ್ದು ಇದೊಂದೇ ಕೆಲಸ.

ಆಲೆಟ್ಟಿಯ ಮುರಳಿಕೃಷ್ಣರ ತಂದೆ ತೀರಿಕೊಂಡರು. ಉತ್ತರಕ್ರಿಯೆಗೆ ಶಾಮಿಯಾನ, ಕುರ್ಚಿ ಬೇಕೆಂದು ಅವರು ಬರೆದರು. ಏಜೆಂಟ್ ಅಚ್ಚುಕಟ್ಟಾಗಿ ಬುಕ್ ಮಾಡಿತು. ಆಮೇಲೆ, ತಪ್ಪದೆ, ಇದನ್ನು ಕಳಿಸಿತು: 'ನಿಮ್ಮ ಸಂಭ್ರಮದಲ್ಲಿ ನಮ್ಮನ್ನೂ ಸೇರಿಸಿಕೊಂಡದ್ದಕ್ಕೆ ಧನ್ಯವಾದ! ನಿಮ್ಮ ಮನೆಯ ಮುಂದಿನ ಕಾರ್ಯಕ್ರಮಕ್ಕೆ ಶೇಕಡಾ ಹತ್ತು ರಿಯಾಯಿತಿ. ಬೇಗ ಮತ್ತೆ ಸಿಗುವ!' ಕೆಳಗೆ ಪಟಾಕಿಯ ಚಿತ್ರ.

ಸಾವಿನ ಮನೆಯಿಂದ ಹೊರಡುವಾಗ 'ಬರ್ತೇನೆ' ಎಂದು ಕೂಡ ಹೇಳದ ಊರು ಇದು. ಚಪ್ಪಲಿ ಮೆಟ್ಟಿ ಸುಮ್ಮನೆ ನಡೆಯುವುದು. ಭಾವನಾಳಿಗೆ ಇದು ಎಷ್ಟು ಚೆನ್ನಾಗಿ ಗೊತ್ತಿತ್ತೆಂದರೆ, ಏಜೆಂಟಿಗೆ ಬರೆದು ತಿಳಿಸಬೇಕೆಂದು ಹೊಳೆಯಲೇ ಇಲ್ಲ.

"ಎಂತ ಮಾರಾಯ್ತಿ ಇದು?" ಜಾಸಿರ್ ಮೊಬೈಲು ಚಾಚಿದ. "ಬೇಗ ಮತ್ತೆ ಸಿಗುವ ಅಂತೆ! ಮುಂದಿನ ನಂಬರು ಯಾರದ್ದು ಅಂತ ನಿಮ್ಮ ಮಿಷನಿಗೆ ಗೊತ್ತುಂಟಾ ಅಂತ ಕೇಳ್ತಾರೆ ಮುರಳಿಯಣ್ಣ. ಸಾವು ಅಂದ್ರೆ ಎಂತ ಅಂತ ಅದಕ್ಕೆ ಗೊತ್ತಿಲ್ವಾ?"

"ಗೊತ್ತುಂಟು ಜಾಸಿರಣ್ಣ. ತಪ್ಪದೆ ಕಳಿಸು ಅಂತ ನಾನೇ ಬರೆದದ್ದು. ಅದು ಹೇಳಿದ ಮಾತು ಕೇಳ್ತದೆ."

"ನನ್ನ ಅಂಗಡಿಯಲ್ಲಿ ಹೇಳಿದ ಮಾತು ಕೇಳುದು ಅದೊಂದೇ, ಅದೂ ಹೀಗೆ! ಹೋಗಿ ಕ್ಷಮೆ ಕೇಳು. ಅವರು ಬೇಡ ಅಂದ್ರೆ ಇವತ್ತೇ ಬಂದ್."

ಆಲೆಟ್ಟಿಯಲ್ಲಿ ಮುರಳಿಕೃಷ್ಣರು ಚಾವಡಿಯಲ್ಲಿ ಮುಖ ಬಿಗಿದು ಕೂತಿದ್ದರು. ಪಕ್ಕದಲ್ಲಿ ಅವರ ಸೋದರತ್ತೆ ಪರಮೇಶ್ವರಿಯಮ್ಮ, ಸತ್ತವರ ತಂಗಿ, ಮೊಬೈಲು ಹಿಡಿದು ನಗುತ್ತಿದ್ದರು.

"ಅತ್ತೆ ಬೆಳಗ್ಗಿಂದ ನಿಮ್ಮ ಮಿಷನ್ ಒಟ್ಟಿಗೆ ಪಟ್ಟಾಂಗ," ಎಂದರು ಮುರಳಿಕೃಷ್ಣ. "ಸೂತಕದ ಮನೆಯಲ್ಲಿ ಹೀಗೆ ನಗುದಾ? ಬಂದವರು ಎಂತ ತಿಳ್ಕೊಳ್ಬೇಕು? ನೋಡಿ ಇದನ್ನು."

ಭಾವನಾ ಓದಿದಳು.

'ನನ್ನ ಉತ್ತರಕ್ರಿಯೆಗೂ ಈಗಲೇ ಬುಕ್ ಮಾಡು. ರಿಯಾಯಿತಿ ಬಿಡಬಾರದು.'

'ಖಂಡಿತ! ದಿನಾಂಕ ತಿಳಿಸಿ.'

'ಅದು ನನ್ನ ಕೈಯಲ್ಲಿ ಇಲ್ಲ.'

'ತೊಂದರೆ ಇಲ್ಲ. ಯಾರ ಕೈಯಲ್ಲಿದೆಯೋ ಅವರ ನಂಬರ್ ಕಳಿಸಿ.'

ಭಾವನಾ ಕೆಳತುಟಿ ಕಚ್ಚಿಕೊಂಡಳು. ಇಲ್ಲಿ ನಕ್ಕರೆ ಕೆಲಸ ಹೋದಂತೆಯೇ.

"ತಪ್ಪು ನನ್ನದು ಮುರಳಿಯಣ್ಣ. ಇಲ್ಲೇ ಸರಿ ಮಾಡ್ತೇನೆ."

"ಮಾಡಿ. ಆಮೇಲೆ ಹೇಳ್ತೇನೆ, ನೀವು ಬೇಕೋ ಬೇಡವೋ ಅಂತ."

ಅವಳು ಅಲ್ಲೇ ಕೂತು ಲ್ಯಾಪ್‌ಟಾಪ್ ತೆರೆದಳು. ಧನ್ಯವಾದದ ಟೂಲಿಗೆ ಬರೆದಳು: 'ಮದುವೆ, ಗೃಹಪ್ರವೇಶದಂಥ ಶುಭಕಾರ್ಯಕ್ಕೆ ಮಾತ್ರ ಬಳಸು. ಸಾವಿಗೆ ಸಂಬಂಧಿಸಿದ ಯಾವುದಕ್ಕೂ ಬಳಸಬೇಡ. ಅಲ್ಲಿ ಬುಕ್ ಆಯಿತೆಂದಷ್ಟೇ ಹೇಳಿ ನಿಲ್ಲಿಸು.' ಬುಕಿಂಗ್ ಟೂಲಿಗೆ: 'ದಿನಾಂಕ ಇಲ್ಲದೆ ಬಳಸಬೇಡ. ಗಿರಾಕಿಗೆ ದಿನಾಂಕ ಗೊತ್ತಿಲ್ಲದಿದ್ದರೆ ಕೆದಕಿ ಕೇಳಬೇಡ. ಜಾಸಿರನ ಫೋನಿಗೆ ದಾಟಿಸು.'

"ಆಯ್ತಾ? ನೋಡುವ," ಎಂದು ಪರಮೇಶ್ವರಿಯಮ್ಮ ಪುನಃ ತಮ್ಮ ಉತ್ತರಕ್ರಿಯೆ ಶುರುಮಾಡಿದರು. ದಿನ ಗೊತ್ತಿಲ್ಲ ಎಂದದ್ದೇ ತಡ, ಏಜೆಂಟ್ ಜಾಸಿರನ ಫೋನಿಗೆ ಕರೆ ದಾಟಿಸಿತು. ಅವರು ಸ್ಪೀಕರ್ ಹಾಕಿದರು.

"ಜಾಸಿರಾ, ನನ್ನ ಉತ್ತರಕ್ರಿಯೆಗೆ ಶಾಮಿಯಾನ ಬೇಕಿತ್ತು ಮಾರಾಯ. ದಿನ ಗೊತ್ತಿಲ್ಲ. ನಿನ್ನ ಹತ್ರ ಕೇಳ್ಬೇಕಂತೆ."

ಆ ಕಡೆ ಜಾಸಿರ್ ಬುಕಿಂಗ್ ಪುಸ್ತಕದ ಹಾಳೆ ಮಗುಚಿದ ಸದ್ದು ಕೇಳಿತು.

"ಖಾಲಿ ಇಲ್ಲ ಅಜ್ಜಿ. ಇನ್ನು ಇಪ್ಪತ್ತು ವರ್ಷ ಎಲ್ಲಾ ಫುಲ್."

ಮೊದಲು ನಕ್ಕವರು ಮುರಳಿಕೃಷ್ಣ. ನಕ್ಕಾದ ಮೇಲೆ ಸಿಟ್ಟಿಗೆ ವಾಪಸು ಹೋಗಲು ಅವರಿಗೆ ದಾರಿ ಉಳಿಯಲಿಲ್ಲ. "ಹುಡುಗಿ ಇರ್ಲಿ ಜಾಸಿರ್," ಎಂದರು.

"ಇರ್ಲಿ ಮುರಳಿಯಣ್ಣ. ಆದ್ರೆ ಭಾವನಾ, ದಿನ ಗೊತ್ತಿಲ್ಲದವರನ್ನು ನನ್ನ ತಲೆಗೆ ಕಟ್ಬೇಡ. ನಿನ್ನ ನಂಬರು ಹಾಕು."

ಅವಳು ಹಾಕಿದಳು. ಅಂಗಳಕ್ಕೆ ಇಳಿಯುವಷ್ಟರಲ್ಲಿ ಅವಳ ಮೊಬೈಲು ಬಡಿದುಕೊಂಡಿತು. ತಿರುಗಿ ನೋಡಿದರೆ ಚಾವಡಿಯಲ್ಲಿ ಪರಮೇಶ್ವರಿಯಮ್ಮ, ಮೊಬೈಲು ಕಿವಿಗಿಟ್ಟುಕೊಂಡು, ಬೇರೆಲ್ಲೋ ನೋಡುತ್ತಾ ಕೂತಿದ್ದರು.