ಮಾದಪ್ಪ ಹೂ ಕೊಡುವವರೆಗೆ

ವೃಷಭೇಂದ್ರನ ಮುಂದೆ ಎರಡು ಕೆಲಸಗಳಿದ್ದವು. ಇಲ್ಲದ್ದು ಧೈರ್ಯ ಮಾತ್ರ.

ಒಂದು ಕೈಯಲ್ಲೇ ಇತ್ತು: ತಾಳವಾಡಿಯ ಖಾಸಗಿ ಶಾಲೆಯೊಂದರ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಖಾಯಂ ನೌಕರಿ. ಧೂಳು ಒರೆಸುವುದು, ಕೆಟ್ಟ ಮೌಸ್ ಬದಲಾಯಿಸುವುದು, ಐವತ್ತೆಂಟು ತುಂಬುವವರೆಗೆ ಆಕಳಿಸುವುದು. ಇನ್ನೊಂದು ಕೊಯಮತ್ತೂರಿನ ಸಾಫ್ಟ್‌ವೇರ್ ಕಂಪನಿಯದು. ಸಂಬಳ ದುಪ್ಪಟ್ಟು, ಆದರೆ ಒಂದು ವರ್ಷದ ಕಾಂಟ್ರಾಕ್ಟು. ಆಮೇಲೆ ಇಟ್ಟುಕೊಂಡರೂ ಇಟ್ಟುಕೊಂಡರು, ಬಿಟ್ಟರೂ ಬಿಟ್ಟರು. ಸೋಮವಾರ ಸಂಜೆ ಐದರೊಳಗೆ ಫೋನ್ ಮಾಡಿ ಒಪ್ಪದಿದ್ದರೆ, ಪರೀಕ್ಷೆಯಲ್ಲಿ ಅವನ ನಂತರ ಬಂದವರನ್ನು ಕರೆಯುತ್ತೇವೆ ಎಂದಿದ್ದರು.

ಆ ಪರೀಕ್ಷೆಗೆ ಹೆಂಡತಿ ರಂಜಿತಳೂ ಜೊತೆಗೆ ಹೋಗಿದ್ದಳು. ಅವನಷ್ಟೇ ಓದಿದವಳು, ಮದುವೆಯಾದ ಮೇಲೆ ಅವನ ಊರು ತಿಗನಾರೆಯ ಮನೆಯಲ್ಲಿ ಮುದ್ದೆ ಕಟ್ಟುತ್ತಿದ್ದಳು. ಹೊರಗೆ ಬೆಂಚಿನ ಮೇಲೆ ಸುಮ್ಮನೆ ಕೂರುವ ಬದಲು ಅಲ್ಲೇ ಹೆಸರು ಕೊಟ್ಟು ತಾನೂ ಬರೆದು ಬಂದಳು. ಹೇಗೆ ಬರೆದೆ ಎಂದು ವೃಷಭೇಂದ್ರ ಕೇಳಲಿಲ್ಲ. ತಾನು ಹೇಗೆ ಬರೆದೆ ಎಂಬುದನ್ನು ಮನೆ ಮುಟ್ಟುವವರೆಗೂ ಹೇಳಿದ.

ಹೋಗಬೇಕೆಂಬ ಆಸೆ ಅವನಿಗೆ ಬೇಕಾದಷ್ಟಿತ್ತು. ನಾಳೆ ಕೆಲಸ ಹೋದರೆ ಬೈಯಲು ಒಬ್ಬರು ಬೇಕಾಗಿದ್ದರು, ಅಷ್ಟೆ. ಅದಕ್ಕೆ ಊರ ದೇವರು ಮಾದಪ್ಪನನ್ನು ಆರಿಸಿದ. ಎಷ್ಟು ಬೈದರೂ ಎದುರು ಮಾತಾಡದವನು ಊರಲ್ಲಿ ಅವನೊಬ್ಬನೇ.

ಹೂ ಕೇಳುವುದೆಂದರೆ ಲಿಂಗದ ಬಲಕ್ಕೊಂದು, ಎಡಕ್ಕೊಂದು ಹೂವನ್ನು ಗಂಧದಲ್ಲಿ ಅಂಟಿಸಿ ಕಾಯುವುದು. ಬಲದ್ದು ಬಿದ್ದರೆ ಹೋಗು; ಎಡದ್ದು ಬಿದ್ದರೆ ಇರು. ಭಾರವನ್ನೆಲ್ಲ ದೇವರ ಮೇಲೆ ಹಾಕಿದ ಮೇಲೂ ವೃಷಭೇಂದ್ರನಿಗೆ ದೇವರ ಮೇಲೆ ಪೂರ್ತಿ ನಂಬಿಕೆ ಬರಲಿಲ್ಲ. ಸೋಮವಾರ ಬೆಳಗ್ಗೆಯೇ ಗುಡಿಯಲ್ಲಿ ಪೂಜೆ ಮಾಡುವ ತಮ್ಮಡಿ ಜಡೇಸ್ವಾಮಿಯ ಕೈಗೆ ಹೊಸ ಟಾರ್ಚೊಂದನ್ನಿಟ್ಟು, "ಎಡದ ಹೂಗೆ ವಸಿ ಗಂಧ ಜಾಸ್ತಿ ಹಾಕಿ ಸ್ವಾಮಿ" ಎಂದ.

ಪೂಜೆ ಮುಗಿಯಿತು, ಹೊತ್ತು ಇಳಿಯಿತು, ಹೂ ಮಾತ್ರ ಅಲುಗಾಡಲಿಲ್ಲ. ಅಪ್ಪ ಪುಟ್ಟಬಸಪ್ಪ ಕೈಮುಗಿದು ಕೂತಿದ್ದರು. ಮಗನ ಖಾಯಂ ನೌಕರಿಯನ್ನು ತಾಳವಾಡಿಯ ಟೀ ಅಂಗಡಿಗಳಲ್ಲೆಲ್ಲ ಹೇಳಿಕೊಂಡು ತಿರುಗಿದವರು ಅವರು.

"ನಾಕ್ ಗಂಟೆ ಆಯ್ತು. ಎದ್ ಬಂದು ಪೋನ್ ಮಾಡ್ಬುಡಿ," ಎಂದಳು ರಂಜಿತ.

"ದೇವ್ರು ಹೂ ಕೊಡೋಗಂಟ ಎಂಗೆ ಬರೋದು?"

"ಅವ್ರು ಕೇಳಿರೋದು ನಿಮ್ಮನ್ನ, ಮಾದಪ್ಪನ್ನಲ್ಲ." ಅವಳು ಮನೆಗೆ ಹೋದಳು.

ಆಗ ವೃಷಭೇಂದ್ರನ ಕಣ್ಣು ತಮ್ಮಡಿಯ ಚೀಲದ ಮೇಲೆ ಬಿತ್ತು. ತನ್ನ ಟಾರ್ಚಿನ ಪಕ್ಕದಲ್ಲೇ ತಮ್ಮ ಮನೆಯ ತುಪ್ಪದ ಡಬ್ಬ!

"ಅಪ್ಪಾ, ನೀವೂ ಕೊಟ್ರಾ?"

"ಅಂದ್ರೆ ನೀನೂ ಕೊಟ್ಟೇನ್ಲಾ?" ಪುಟ್ಟಬಸಪ್ಪನವರ ಮುಗಿದ ಕೈ ಬಿಟ್ಟುಹೋಯಿತು.

ಜಡೇಸ್ವಾಮಿಗೆ ಒಂದಿಷ್ಟೂ ನಾಚಿಕೆಯಾಗಲಿಲ್ಲ. "ಇಬ್ರೂ ಬೇಕಾದೋರು. ಯಾರ ಮಾತ ತಗದಾಕ್ಲಿ ಯಜಮಾನ್ರೆ? ಎಲ್ಡಕ್ಕೂ ಮೆತ್ತಿವ್ನಿ. ಇನ್ನು ಗಂಧ ಒಣಗ್ಬೇಕು."

ಗಂಧ ಒಣಗುವುದನ್ನು ಅಪ್ಪ ಮಗ ಇಬ್ಬರೂ ಕಾಯುತ್ತ ಕೂತರು. ಐದು ಕಳೆಯಿತು. ಬಿಸಿಲು ಗುಡಿಯ ಹೊಸ್ತಿಲು ಬಿಟ್ಟು ಹೋದಾಗ ರಂಜಿತ ಮತ್ತೆ ಬಂದಳು.

"ಕೊಯಮತ್ತೂರಿಂದ ಪೋನ್ ಬಂದಿತ್ತು."

ವೃಷಭೇಂದ್ರ ಎದ್ದೇ ನಿಂತ. "ನಂಗೋಸ್ಕರ ಕಾಯ್ತಾವ್ರಾ?"

"ಇಲ್ಲ. ನಿಮ್ಮ ನಂತ್ರ ಬಂದೋರ್ನ ಕೇಳುದ್ರು. ಅವ್ರು ಒಪ್ಕಂಡ್ರು."

"ಯಾವನು ಆ ಬಡ್ಡೀಮಗ?"

"ನಾನೇಯ."

ಅಷ್ಟರಲ್ಲಿ ಒಣಗಿದ ಗಂಧ ಚಕ್ಕೆಯೆದ್ದು ಬಲದ ಹೂವು ಉದುರಿತು. "ಕೊಟ್ಟ! ಬಲಕ್ಕೆ ಕೊಟ್ಟ! ಓಗು ಅಂದವ್ನೆ!" ಎಂದು ತಮ್ಮಡಿ ಕೂಗಿದ. ವೃಷಭೇಂದ್ರ ಕೈ ಚಾಚುವ ಮೊದಲೇ ರಂಜಿತ ಹೂವನ್ನು ತೆಗೆದುಕೊಂಡು, ಕಣ್ಣಿಗೊತ್ತಿ, ಮುಡಿಗೆ ಸಿಕ್ಕಿಸಿಕೊಂಡಳು.

"ಮುದ್ದೆ ಕಟ್ಟೋರ್ ಯಾರವ್ವಾ?" ಎಂದರು ಪುಟ್ಟಬಸಪ್ಪ.

"ನಂದು ಒಂದೊರ್ಸದ ಕಾಂಟ್ರಾಕ್ಟು ಮಾವ," ಎಂದಳು ರಂಜಿತ. "ಮನೇಲಿ ಖಾಯಂ ಆಗಿರೋರು ನಿಮ್ಮ ಮಗ."